ಬಾಳೆನಾರಿನಲ್ಲಿ ಅಳೆದ ದೂರ

ತಂಗಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ ಮೇಲೆ ಅಮ್ಮನದ್ದು ಒಂದೇ ಪ್ರಶ್ನೆ. "ಎಷ್ಟು ದೂರ ಆಗ್ತದೆ ಮಾರಾಯಾ ಅದು?"

ಬೆಂಗಳೂರಿಂದ ಸುಮಾರು 14 ಸಾವಿರ ಕಿಲೋಮೀಟರ್ ಅಂದೆ. ಅವಳಿಗೆ ಅಂದಾಜು ಸಿಗಲಿಲ್ಲ. ಅಟ್ಟದಿಂದ ಹಳೇ ಗ್ಲೋಬ್ ಇಳಿಸಿದೆ. ಅವಳು ಜಾಜಿ ಕಟ್ಟುತ್ತಿದ್ದ ಬಾಳೆನಾರನ್ನೇ ತಗೊಂಡು ಎರಡೂ ಊರಿನ ನಡುವೆ ಬಿಗಿಯಾಗಿ ಎಳೆದೆ. ನಾರು ಸಮುದ್ರದ ಕಡೆ ಹೋಗಲೇ ಇಲ್ಲ. ಸೀದಾ ಉತ್ತರಕ್ಕೆ ಹತ್ತಿ, ಸೈಬೀರಿಯಾದ ಉತ್ತರದ ಅಂಚಿನಲ್ಲಿ ಹಾದು ಆ ಕಡೆ ಇಳಿಯಿತು. ಗೋಡೆ ಮೇಲಿನ ಮ್ಯಾಪು ನೋಡಿದರೆ ಇದು ಗೊತ್ತೇ ಆಗಲ್ಲ. 2021ರ ಜನವರಿಯಲ್ಲಿ ಅಲ್ಲಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ ಇನ್ನೂ ಮೇಲೆ ಹೋಗಿ ಉತ್ತರ ಧ್ರುವದ ಮೇಲೇ ಹಾರಿ ಬಂದಿತ್ತು, ಸುಮಾರು 17 ಗಂಟೆ. ಓಡಿಸಿದ ಪೈಲಟ್‌ಗಳೆಲ್ಲ ಹೆಂಗಸರು ಅಂದಾಗ ಅಮ್ಮನ ಕೈ ಒಂದು ಕ್ಷಣ ನಿಂತಿತು.

"ಹದಿನೇಳೇನಾ?" ಅಂದಳು.

ಅವಳ ಲೆಕ್ಕ ಬೇರೆ. ತಂಗಿಯನ್ನು ಬಿಡೋಕೆ ತೀರ್ಥಹಳ್ಳಿಯಿಂದ ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗಿದ್ದೆವಲ್ಲ, 400 ಕಿಲೋಮೀಟರ್ ಕೂಡ ಇಲ್ಲ. ಮಂಡಗದ್ದೆ ಹತ್ತಿರ ಮಳೆಗೆ ಮರ ಬಿದ್ದು ಎರಡು ತಾಸು ಅಲ್ಲೇ ಕೂತಿದ್ದೆವು. ಒಟ್ಟು 11 ಗಂಟೆ! (ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಹಾರಬಹುದಿತ್ತು, ಲಗೇಜು ನೋಡಿ ಕಾರೇ ಸರಿ ಅಂದುಕೊಂಡದ್ದು ನನ್ನದೇ ಬುದ್ಧಿ.)

ಗಡಿಯಾರದ ಲೆಕ್ಕ ಮಾತ್ರ ಅಮ್ಮನಿಗೆ ಬೇಗ ಬಂತು. ಈಗ ಅವರು ನಮಗಿಂತ 12 ಗಂಟೆ 30 ನಿಮಿಷ ಹಿಂದೆ. ನವೆಂಬರ್ ಹೊತ್ತಿಗೆ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸ್ತಾರೆ, ಇನ್ನೂ ಒಂದು ಗಂಟೆ ಜಾಸ್ತಿ ಆಗ್ತದೆ, ಅದನ್ನು ಆಮೇಲೆ ಹೇಳೋಣ ಅಂತ ಸುಮ್ನಿದ್ದೇನೆ.

ಅಳತೆ ಮುಗಿದ ನಾರನ್ನು ಅವಳು ವಾಪಸ್ ಇಸ್ಕೊಂಡು ಜಾಜಿ ಕಟ್ಟಲು ಕೂತಳು.