ಅಜ್ಜನ ಹೆಸರಲ್ಲೇ ಉಳಿದ ಪಹಣಿ

2022ರ ನವೆಂಬರ್. ಕೃಷಿ ಮೇಳ ಮುಗಿದು ಬೆಂಗಳೂರಿನ ನಮ್ಮ ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್ಸು ಜಿಕೆವಿಕೆ ಮತ್ತೆ ತಣ್ಣಗಾಗಿತ್ತು. ಹಾಸ್ಟೆಲ್ ಮೆಸ್ಸಿನಲ್ಲಿ ಮುದ್ದೆ ಮುರೀತಾ ಕೂತಿದ್ದಾಗ ರೂಂಮೇಟ್ ಫೋನಿಗೆ ಮೆಸೇಜ್ ಬಂತು. ರೈತ ವಿದ್ಯಾನಿಧಿ ದುಡ್ಡು, ರೈತರ ಮಕ್ಕಳ ಓದಿಗೆ ಸರ್ಕಾರ ಕೊಡ್ತಿದ್ದ ವಿದ್ಯಾರ್ಥಿವೇತನ.

"ಅರ್ಜಿ ಯಾವಾಗ ಹಾಕಿದ್ಯೋ?"

"ಹಾಕಲೇ ಇಲ್ಲ ಮಾರಾಯ!" ಶಿರಸಿ ಕಡೆಯವನು ಅವನು.

ಟೇಬಲ್ಲಿನಲ್ಲಿದ್ದ ಆರು ಜನರಲ್ಲಿ ಐವರಿಗೆ ಬಂದಿತ್ತು. ಹಿಂದಿನ ವಾರ ಶಿರಾ ಹತ್ತಿರದ ನಮ್ಮ ಹೊಲದಲ್ಲಿ ಕಡಲೆಕಾಯಿ ಕಿತ್ತು ಬಂದಿದ್ದ ನನಗೆ ಮಾತ್ರ ಇಲ್ಲ. ಉಗುರಿನ ಸಂದಿಯ ಮಣ್ಣು ಕೂಡ ಇನ್ನೂ ಹೋಗಿರಲಿಲ್ಲ.

ಈ ಯೋಜನೆ ಶುರುವಾಗಿದ್ದು 2021ರಲ್ಲಿ. ಪಿಯುಸಿ ಹುಡುಗರಿಗೆ 2,500, ಹುಡುಗಿಯರಿಗೆ 3,000, ಮೇಲಕ್ಕೆ ಹೋದ ಹಾಗೆ 11,000ದವರೆಗೆ. ಅಪ್ಪನಿಗೋ ಅಮ್ಮನಿಗೋ ಸರ್ಕಾರದ ರೈತರ ನೋಂದಣಿ ತಂತ್ರಾಂಶ ಫ್ರೂಟ್ಸ್‌ನಲ್ಲಿ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ ಇದ್ದು, ಅದು ಮಕ್ಕಳ ವಿವರದ ಜೊತೆ ತಾಳೆಯಾದರೆ ದುಡ್ಡು ತಾನಾಗೇ ಖಾತೆಗೆ ಬೀಳ್ತಿತ್ತು. ಎಫ್‌ಐಡಿಗೆ ಪಹಣಿ ಬೇಕು. ನಮ್ಮ ಪಹಣಿಯಲ್ಲಿ ಇನ್ನೂ ಅಜ್ಜನೇ ಇದ್ದರು. ಅವರು ತೀರಿಕೊಂಡು ಹನ್ನೊಂದು ವರ್ಷ ಆಗಿತ್ತು.

"ಎಲ್ಲೂ ಓಡಿ ಹೋಗಲ್ವಲ್ಲ ಮಗಾ ಹೊಲ, ಮಾಡಿಸಿದ್ರಾಯ್ತು" ಅನ್ನೋದು ಅಪ್ಪನ ಹನ್ನೊಂದು ವರ್ಷದ ಮಾತು.

ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನ ವಾರಸುದಾರರ ಹೆಸರಿಗೆ ಮಾಡಿಸೋಕೆ ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಚಿಕ್ಕಪ್ಪ, ಇಬ್ಬರು ಅತ್ತೆಯರು ಎಲ್ಲಾ ಬರಬೇಕು. ಚಿಕ್ಕಪ್ಪ ಸಹಿಗೆ ಸತಾಯಿಸಿದರು. ಬದುವಿನ ಹುಣಸೆಮರ ಯಾರಿಗೆ ಅನ್ನೋ ಹಳೇ ಜಗಳ. ಮೂರು ಸಲ ಬೆಂಗಳೂರಿಂದ ಊರಿಗೆ ಓಡಾಡಿದೆ. ಬಸ್ ಚಾರ್ಜಿಗೇ ವಿದ್ಯಾನಿಧಿ ಬೇಕಿತ್ತು. ಕೊನೆಗೆ ಅಜ್ಜಿ ಒಂದು ರಾತ್ರಿ ಊಟ ಬಿಟ್ಟು ಕೂತ ಮೇಲೆ ಸಹಿ ಬಿತ್ತು. ಹುಣಸೆಮರ ಈಗ ಚಿಕ್ಕಪ್ಪಂದು.

ಎಫ್‌ಐಡಿ ಮಾಡಿಸೋಕೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋದ್ವಿ. ಅಲ್ಲಿನ ಸಹಾಯಕ ಕೃಷಿ ಅಧಿಕಾರಿ ಆಧಾರ್, ಪಾಸ್‌ಬುಕ್, ಪಹಣಿ ಇಟ್ಕೊಂಡು ಅಪ್ಪನ ಹೆಸರನ್ನ ಒಂದೊಂದೇ ಅಕ್ಷರ ಹೋಲಿಸಿದರು. ಆಧಾರಿನಲ್ಲಿ ಒಂದು 'ಪ್ಪ' ಜಾಸ್ತಿ ಇತ್ತು. ಅದನ್ನೂ ಅವರೇ ಕಂಡುಹಿಡಿದರು. ಜಿಕೆವಿಕೆ ಅಂದ ತಕ್ಷಣ ತಲೆ ಎತ್ತಿ, "ಯಾವ ಹಾಸ್ಟೆಲ್ಲು?" ಅಂತ ಕೇಳಿದರು. ಅವರೂ ಅಲ್ಲಿಯವರೇ.

ಅಲ್ಲಿಯವರೆಗೆ ನನ್ನ ತಲೆಯಲ್ಲಿದ್ದಿದ್ದು ಬ್ಯಾಂಕಿನ ಕೃಷಿ ಕ್ಷೇತ್ರಾಧಿಕಾರಿ (ಎಎಫ್‌ಒ) ಪರೀಕ್ಷೆ ಒಂದೇ. ಹೊರಗೆ ಬಿತ್ತನೆ ಬೀಜಕ್ಕೆ ನಿಂತ ಸಾಲು ನೋಡಿ ಮನಸ್ಸು ಬದಲಾಯಿತು. 2024ರಲ್ಲಿ ಕೆಪಿಎಸ್‌ಸಿ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಸೇರಿ 945 ಹುದ್ದೆ ಕರೆದಾಗ ನನ್ನ ಡಿಗ್ರಿ ಮುಗಿದಿರಲಿಲ್ಲ. ಹೊಟ್ಟೆ ಉರೀತು. ಈಗ ಬೆಂಗಳೂರಿನ ವಿಜಯನಗರದ ಒಂದು ರೂಮಿನಲ್ಲಿ ಮೂವರು ಕೂತು ಮುಂದಿನ ಸಲಕ್ಕೆ ಓದ್ತಿದ್ದೀವಿ. ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ 150ಕ್ಕೆ 50 ಬರಲೇಬೇಕು, ಅದರ ಭಯ ನನಗಿಲ್ಲ. ಮಣ್ಣುವಿಜ್ಞಾನದ್ದು ಇದೆ.

ಮೊನ್ನೆ ಊರಿನ ಪಕ್ಕದ ಮನೆ ಹುಡುಗಿ ಫೋನ್ ಮಾಡಿದ್ದಳು. ಸೆಕೆಂಡ್ ಪಿಯು, ಬಿಎಸ್ಸಿ ಅಗ್ರಿ ಸೇರೋ ಆಸೆ. ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಯಲ್ಲಿ ಯಾವ ಯಾವ ಬೀಜ ಇಡ್ತಾರೆ ಅಂತ ಕೇಳಿದಳು.

"ಅದೆಲ್ಲ ಆಮೇಲೆ. ನಿಮ್ಮ ಪಹಣಿ ಯಾರ ಹೆಸರಲ್ಲಿದೆ?"

ಫೋನ್ ಪಕ್ಕಕ್ಕಿಟ್ಟು ಒಳಗೆ ಹೋಗಿ ಕೇಳ್ಕೊಂಡು ಬಂದಳು.

"ಮುತ್ತಜ್ಜಂದಂತೆ ಅಣ್ಣ."