ಕೆಂಪು ಪೆನ್ನಿನ ಪ್ರಶ್ನೆ

ಇವತ್ತು ವಿಜಯಪುರದ ತೊರವಿ ಬಸ್ಸಲ್ಲಿ ಪಕ್ಕದಲ್ಲಿ ಕೂತ ಹುಡುಗಿಯ ತೊಡೆ ಮೇಲೆ ಒಂದು ಉದ್ದ ನೋಟ್‌ಬುಕ್. ಇಲ್ಲೇ ಮಹಿಳಾ ವಿವಿಯಲ್ಲಿ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಓದುತ್ತಾಳಂತೆ. ಅದು ಫೀಲ್ಡ್‌ವರ್ಕ್ ಡೈರಿ.

"ಅಜ್ಜಿಗೆ ವಿಧವಾ ವೇತನದ ಅರ್ಜಿ ತುಂಬಿಕೊಟ್ಟೆ" ಅಂತ ಬರೆದಿದ್ದಾಳೆ. ಅಂಚಿನಲ್ಲಿ ಮೇಡಂ ಕೆಂಪು ಪೆನ್ನಿನಲ್ಲಿ ಬರೆದಿದ್ದಾರೆ: "ಇಷ್ಟು ವರ್ಷ ಯಾಕೆ ಹಾಕಿರಲಿಲ್ಲ? ಕೇಳಿದೆಯಾ?"

ಮುಂದಿನ ವಾರ ಹೋಗಿ ಕೇಳಿದ್ದಾಳೆ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಮೂರು ಸಲ ವಾಪಸ್ ಕಳಿಸಿದ್ದರಂತೆ. "ಬಿಡವಾ, ನಮ್ಮಂಥೋರಿಗೆ ಯಾರ ಕೊಡ್ತಾರ" ಅಂದರಂತೆ ಅಜ್ಜಿ.

ಆ ಕೆಂಪು ಸಾಲು ತಲೆಯಿಂದ ಹೋಗುತ್ತಲೇ ಇಲ್ಲ. ಅರ್ಜಿ ಯಾರಾದರೂ ತುಂಬಿಕೊಡಬಹುದು. 'ಯಾಕೆ' ಅಂತ ಕೇಳುವುದನ್ನು ಕಲಿಸೋಕೆ ಒಂದು ಶಾಲೆ ಬೇಕು, ಅಲ್ವಾ? ದೇಶದಲ್ಲಿ ಸಮಾಜಕಾರ್ಯ ಕಲಿಸುವ ಮೊದಲ ಶಾಲೆ 1936ರಲ್ಲಿ ಮುಂಬೈಯಲ್ಲಿ, ಟಾಟಾ ಟ್ರಸ್ಟಿನ ದುಡ್ಡಿನಲ್ಲಿ ಶುರುವಾಯಿತು. ಅದರ ಬೇರು ಇದ್ದದ್ದೂ ನಾಗಪಾಡಾದ ಬಡವರ ಓಣಿಯ ಕೆಲಸದಲ್ಲೇ. ವಿಜಯಪುರಕ್ಕೆ ಮಹಿಳಾ ವಿವಿ ಬಂದಿದ್ದು 2003ರಲ್ಲಿ. ಈಗ ನಮ್ಮ ಹುಡುಗಿಯರು ನಮ್ಮ ಓಣಿಗಳಲ್ಲೇ, ನಮ್ಮ ಮಾತಿನಲ್ಲೇ ಕೇಳುತ್ತಿದ್ದಾರೆ. ನನಗೆ ತುಂಬಾ ಖುಷಿಯಾಯಿತು.

ಸೋಮವಾರ ಅಫಿಡವಿಟ್ ಮಾಡಿಸೋಕೆ ಅಜ್ಜಿ ಜೊತೆ ಅವಳೂ ಹೋಗುತ್ತಾಳಂತೆ.