ಕೊಳ ಉಳಿಯಿತು, ಪಂಪ್ ಒಡೆಯಿತು

ಟೆಕ್ಸಸ್‌ನಲ್ಲಿ ಮನೆ ತಗೊಂಡಾಗ ಹಿತ್ತಲಿನ ಈಜುಕೊಳವೂ ಜೊತೆಗೇ ಬಂತು. ಬೇಕು ಅಂತ ಕೇಳಿದ್ದಲ್ಲ. ಆಸ್ಟಿನ್ ಸುತ್ತಮುತ್ತ ಬೇಸಿಗೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಹಾಗಾಗಿ ಪೂಲ್ ಇರುವ ಮನೆ ಇಲ್ಲಿ ಅಂಥ ಅಪರೂಪವಲ್ಲ. ಫೋಟೋ ಕಳಿಸಿದರೆ ಊರಿನವರು "ಸಾಹುಕಾರ ಆಗ್ಬಿಟ್ಟೆ ಬಿಡಪ್ಪಾ" ಅನ್ನುತ್ತಾರೆ. ಬೇಲಿ ಪಕ್ಕದ ಮೂಲೆಯಲ್ಲಿ ಪಂಪು, ಫಿಲ್ಟರು, ಹೀಟರು, ಬಿಳಿ ಪಿವಿಸಿ ಪೈಪುಗಳ ಗೋಜಲು ಇದೆ. ಅದು ಮಾತ್ರ ಯಾವ ಫೋಟೋದಲ್ಲೂ ಬರುವುದಿಲ್ಲ. ನಾನು ಹೇಳಬೇಕಾಗಿರುವುದು ಆ ಮೂಲೆಯ ಕಥೆ.

ಮಿನ್ನೆಸೋಟಾ ಥರದ ಉತ್ತರದ ಊರುಗಳಲ್ಲಿ ಚಳಿ ಶುರುವಾಗುವ ಮೊದಲೇ ಪೈಪಿನೊಳಗೆ ಗಾಳಿ ಊದಿ ನೀರು ಹೊರಹಾಕುತ್ತಾರೆ. ಬಾಯಿಗೆ ಬಿರಡೆ ಜಡಿದು, ಕೊಳಕ್ಕೆ ಹೊದಿಕೆ ಎಳೆದರೆ ಮುಗಿಯಿತು, ಮತ್ತೆ ನೋಡುವುದು ಚಳಿ ಕಳೆದ ಮೇಲೆ. ಟೆಕ್ಸಸ್‌ನಲ್ಲಿ ಹಾಗಿಲ್ಲ. ಇಲ್ಲಿ ಕೊಳ ವರ್ಷವಿಡೀ ತೆರೆದೇ ಇರುತ್ತದೆ. ಕಾವಲಿಗೆ ಒಂದು ಸೆನ್ಸರ್ ಇರುತ್ತದೆ, ಅಷ್ಟೆ. ಹೊರಗಿನ ಗಾಳಿ 3 ಡಿಗ್ರಿ ಹತ್ತಿರ ಇಳಿದರೆ ಅದು ತಾನಾಗಿಯೇ ಪಂಪ್ ಓಡಿಸುತ್ತದೆ. ಹರಿಯುವ ನೀರು ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ ಅನ್ನುವುದು ಲೆಕ್ಕ. ಒಳ್ಳೆಯ ಏರ್ಪಾಡೇ, ಕರೆಂಟ್ ಇರುವ ತನಕ.

2021ರ ಫೆಬ್ರವರಿ 15, ಬೆಳಗಿನ ಜಾವ ಕರೆಂಟ್ ಹೋಯಿತು. ನಾನು ಮಂಡ್ಯ ಕಡೆಯವನು. ಕರೆಂಟ್ ಹೋದರೆ ಮಗ್ಗಲು ಬದಲಿಸಿ ಮಲಗುವುದು ಹುಟ್ಟಿನಿಂದ ಬಂದ ಅಭ್ಯಾಸ. ಹಾಗೇ ಮಾಡಿದೆ. ಸರದಿ ಪ್ರಕಾರ ಸ್ವಲ್ಪ ಹೊತ್ತು ತೆಗೆಯುತ್ತೇವೆ ಅಂತ ಹೇಳಿದ್ದರು, ಬೇಗ ಬರುತ್ತೆ ಅಂದುಕೊಂಡೆ. ಬಂದಿದ್ದು ಮೂರು ದಿನದ ಮೇಲೆ. ಟೆಕ್ಸಸ್‌ನ ಬಹುಭಾಗಕ್ಕೆ ತನ್ನದೇ ಬೇರೆ ಗ್ರಿಡ್, ಅಂದರೆ ಕರೆಂಟ್ ಹಂಚುವ ಜಾಲ ಇದೆ, ಅಕ್ಕಪಕ್ಕದ ರಾಜ್ಯಗಳಿಂದ ಕಡ ತರಲು ದಾರಿ ಕಮ್ಮಿ. ಹಾಗೆ ಕರೆಂಟ್ ತೆಗೆಯದೆ ಇನ್ನು 4 ನಿಮಿಷ 37 ಸೆಕೆಂಡ್ ಕಳೆದಿದ್ದರೆ ಇಡೀ ಗ್ರಿಡ್ ಕುಸಿಯುತ್ತಿತ್ತು ಅಂತ ಆಮೇಲೆ ಗೊತ್ತಾಯಿತು.

ಬೆಳಿಗ್ಗೆ ಎದ್ದರೆ ಹಿತ್ತಲು ಪೂರ್ತಿ ಬಿಳಿ. ಮೈನಸ್ 14ರ ಹತ್ತಿರದ ಚಳಿ. ಮನೆಯಲ್ಲಿದ್ದ ಕಂಬಳಿ, ಹಳೆಯ ಜಮಖಾನ ಎಲ್ಲ ತಂದು ಪಂಪಿಗೆ ಹೊದಿಸಿ, ಮೇಲೆ ಟಾರ್ಪಾಲ್ ಕಟ್ಟಿದೆ. ಬಾಣಂತಿಗೆ ಮಾಡಿದಷ್ಟು ಆರೈಕೆ. ಆದರೆ ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ, ಒಳಗಿರುವ ಬಿಸಿಯನ್ನು ಕಾಯುತ್ತದೆ ಅಷ್ಟೆ. ನಿಂತ ಪಂಪಿಗೆ ಬಿಸಿ ಎಲ್ಲಿಂದ ಬರಬೇಕು?

ಮಧ್ಯಾಹ್ನ ಕಾರಿನಲ್ಲಿ ಫೋನ್ ಚಾರ್ಜ್ ಮಾಡಿಕೊಂಡು ಅಪ್ಪನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ನಡುರಾತ್ರಿ ದಾಟಿತ್ತು. ಗದ್ದೆ ಪಂಪ್‌ಸೆಟ್ ಜೊತೆ 40 ವರ್ಷ ಏಗಿದ ಮನುಷ್ಯ. ಹಿಮ ನೋಡಿದವರಲ್ಲ.

"ಲೋ, ಮೋಟರ್ ಒಳಗೆ ನೀರು ಹಾಗೇ ಬಿಟ್ಟಿದ್ದೀಯಾ?"

"ಹೂಂ ಅಪ್ಪ, ಕಂಬಳಿ ಹೊದಿಸಿದ್ದೀನಿ."

"ಕಂಬಳಿ ಎತ್ತಾಕು. ನೀರು ಖಾಲಿ ಮಾಡ್ಬೇಕು ಕಣೋ. ಚಿಕ್ಕವನಿದ್ದಾಗ ಫ್ರಿಜ್‌ನಲ್ಲಿ ಗಾಜಿನ ಬಾಟ್ಲಿ ಇಟ್ಟು ಒಡೆದಿದ್ದೆಯಲ್ಲ, ಮರೆತೋಯ್ತಾ?"

ನೀರು ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಕಂಬಳಿ ತೆಗೆಯುವಷ್ಟರಲ್ಲಿ ಪಂಪಿನ ಹೊಟ್ಟೆ ಉದ್ದಕ್ಕೂ ಸೀಳಿತ್ತು. ಫಿಲ್ಟರ್ ಹೋಗಿತ್ತು, ಎರಡು ಪೈಪೂ ಹೋಗಿದ್ದವು. ಇತ್ತ ಕೊಳದಲ್ಲಿ ಮೇಲೆ ಒಂದು ಪದರ ಮಂಜುಗಡ್ಡೆ, ಕೆಳಗೆ ಹದವಾಗಿ ನೀರು. ಅಷ್ಟು ದೊಡ್ಡ ಕೊಳಕ್ಕೆ ಏನೂ ಆಗಲಿಲ್ಲ. ನನ್ನನ್ನು ಮುಳುಗಿಸಿದ್ದು ಪಂಪಿನೊಳಗಿದ್ದ ಅರ್ಧ ಬಕೆಟ್ ನೀರು.

ಆಮೇಲೆ ನಲ್ಲಿಯಲ್ಲೂ ನೀರು ನಿಂತಿತು. ಆಗ ಕೊಳದ ಬೆಲೆ ಗೊತ್ತಾಯಿತು. ಬಕೆಟ್ಟಿನಲ್ಲಿ ಮೊಗೆದು ತಂದು ಟಾಯ್ಲೆಟ್‌ಗೆ ಸುರಿದೆವು. ಪಕ್ಕದ ಮನೆಯವರೂ ಒಯ್ದರು. ಅವರ ಹತ್ತಿರ ಸರಿಯಾದ ಬಕೆಟ್ ಇರಲಿಲ್ಲ, ಕಸದ ಡಬ್ಬಿ ಹಿಡಿದು ಬಂದಿದ್ದರು. ನಮ್ಮಲ್ಲಿ ಬಕೆಟ್ಟಿಗೂ ಚೊಂಬಿಗೂ ಬರವೇ?

ಆ ವಸಂತದಲ್ಲಿ ಊರೆಲ್ಲ ಒಡೆದ ಪಂಪುಗಳೇ. ಹೊಸದಕ್ಕೆ ತಿಂಗಳುಗಟ್ಟಲೆ ಕಾದೆ, ಕೊಳ ಪಾಚಿ ಕಟ್ಟಿ ನಮ್ಮೂರ ಕೆರೆಯಂತಾಯಿತು. ಕೊನೆಗೆ ಜೋಡಿಸಲು ಬಂದ ಹುಡುಗ ಖಾಲಿ ಮಾಡುವುದನ್ನು ತೋರಿಸಿಕೊಟ್ಟ. ಹತ್ತು ನಿಮಿಷದ ಕೆಲಸ.

ಮೊದಲು ಪಂಪಿಗೆ ಕರೆಂಟ್ ಹೋಗುವ ಬ್ರೇಕರ್ ಸ್ವಿಚ್ ಆಫ್ ಮಾಡಬೇಕು. ಇದನ್ನು ಮರೆಯುವವರೇ ಜಾಸ್ತಿ. ಮರೆತರೆ, ಕರೆಂಟ್ ಬಂದ ತಕ್ಷಣ ಖಾಲಿ ಪಂಪ್ ಒಣಗೇ ಓಡಿ ಸೀಲ್ ಸುಟ್ಟುಕೊಳ್ಳುತ್ತದೆ. ಆಮೇಲೆ ಫಿಲ್ಟರ್ ತಲೆಯ ಮೇಲಿನ ಗಾಳಿ ವಾಲ್ವ್ ಬಿಚ್ಚಬೇಕು, ಪಂಪಿನ ಮುಚ್ಚಳ ತೆಗೆಯಬೇಕು. ಪಂಪು, ಫಿಲ್ಟರ್, ಹೀಟರ್‌ಗಳ ಬುಡದಲ್ಲಿ ಸಣ್ಣ ಪ್ಲಗ್‌ಗಳಿವೆ, ಅವನ್ನು ತಿರುಗಿಸಿದರೆ ನೀರು ತಾನೇ ಇಳಿಯುತ್ತದೆ. ಇದೆಲ್ಲ ಪಂಪು ಕೊಳದ ನೀರಿಗಿಂತ ಎತ್ತರದಲ್ಲಿದ್ದರೆ. ತಗ್ಗಿನಲ್ಲಿದ್ದರೆ ಕೊಳದ ಕಡೆಯ ವಾಲ್ವ್‌ಗಳನ್ನು ಮೊದಲೇ ಮುಚ್ಚಬೇಕು, ಇಲ್ಲದಿದ್ದರೆ ಕೊಳವೇ ಹಿತ್ತಲಿಗೆ ಹರಿದು ಬರುತ್ತದೆ. ಬಿಚ್ಚಿದ ಪ್ಲಗ್‌ಗಳನ್ನೆಲ್ಲ ಪಂಪಿನೊಳಗಿನ ಜಾಲರಿ ಬುಟ್ಟಿಯಲ್ಲೇ ಹಾಕಿಡು ಅಂದ. ಜೇಬಿನಲ್ಲಿಟ್ಟರೆ ವಾಷಿಂಗ್ ಮಷೀನ್ ಪಾಲು.

ಎಲೆ ಕಸ ಎಳೆದುಕೊಳ್ಳುವ ಸ್ಕಿಮ್ಮರ್ ಬಾಯಿಗೆ ಅರ್ಧ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ಇಳಿಬಿಡಬೇಕು. ಮಂಜು ಹಿಗ್ಗಿದರೆ ಬಾಟಲಿ ನಜ್ಜುಗುಜ್ಜಾಗುತ್ತದೆ, ಗೋಡೆ ಉಳಿಯುತ್ತದೆ. ಕೊಳದ ಮೇಲಿನ ಮಂಜನ್ನು ಸುತ್ತಿಗೆಯಲ್ಲಿ ಕುಟ್ಟಲು ಹೋಗಬಾರದು, ಅಂಚಿನ ಟೈಲ್ಸ್ ಏಳುತ್ತವೆ. ನಾನು ಕುಟ್ಟಿದ್ದೆ, ಅದು ಬೇರೆ ಮಾತು.

2023ರ ಫೆಬ್ರವರಿ ಮೊದಲ ದಿನ ಮತ್ತೆ ಬಂತು. ಈ ಸಲ ಹಿಮವಲ್ಲ, ಮಂಜುಗಡ್ಡೆಯ ಮಳೆ. ರಾತ್ರಿಯಿಡೀ ಓಕ್ ಮರದ ಕೊಂಬೆಗಳು ಪಟಾಕಿ ಥರ ಮುರಿದು, ತಂತಿಗಳ ಮೇಲೆ ಬೀಳುತ್ತಿದ್ದವು. ಕರೆಂಟ್ ಹೋದ ಐದನೇ ನಿಮಿಷಕ್ಕೆ ತಲೆಗೆ ಟಾರ್ಚ್ ಕಟ್ಟಿಕೊಂಡು ನಾನು ಆ ಮೂಲೆಯಲ್ಲಿದ್ದೆ.

ಕರೆಂಟ್ ಬಂದು, ಬಿಸಿಲು ಬಿದ್ದ ಮೇಲೆ, ಪ್ಲಗ್‌ಗಳನ್ನು ಹಾಕಿ, ಪಂಪಿನೊಳಗೆ ಚೊಂಬಿನಿಂದ ನೀರು ತುಂಬಿಸಿ ಸ್ವಿಚ್ ಒತ್ತಿದೆ. ಅಪ್ಪ ವಿಡಿಯೋ ಕಾಲ್‌ನಲ್ಲಿ ಕಿವಿಗೊಟ್ಟು ಕೂತಿದ್ದರು. ಪಂಪ್ ಗೊರಗೊರ ಅಂತಲೇ ಇತ್ತು.

"ಏರ್ ಹಿಡ್ಕೊಂಡಿದೆ. ಆಫ್ ಮಾಡಿ ಇನ್ನೆರಡು ಚೊಂಬು ಹಾಕು."

ಹಾಕಿದೆ. ಸದ್ದು ಬದಲಾಯಿತು.

"ಹಾಂ, ಈಗ ಎತ್ತಿತು ನೋಡು," ಅಂದು ಫೋನ್ ಇಟ್ಟರು.